ಹೊಳೆಯುವ ಡಿಸ್ಕ್

ಭಂಡಾರಿಯವರು ತಮ್ಮ ಕಾರಿನ ಸ್ಟಿಯರಿಂಗನ್ನು ಹೆಂಡತಿಗೂ ಮುಟ್ಟಲು ಬಿಟ್ಟವರಲ್ಲ. "ಕ್ಲಚ್ಚು ಅಂದ್ರೆ ಹೊಲಿಗೆ ಮೆಷಿನ್ ತುಳಿದ ಹಾಗಲ್ಲ ವಾರಿಜಾ," ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಅವರು ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದು ಮೂರು ಸಲ. ಮೂರೂ ಸಲ ತಪ್ಪು ಕಂಬದ್ದೇ.

ಸೊಂಟನೋವಿಗೆಂದು ತಿಂಗಳಿಡೀ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದವರು ಹೆಂಡತಿಯ ಮುಖ ನೋಡುವ ಮೊದಲು ಬಗ್ಗಿ ಚಕ್ರ ನೋಡಿದರು. ಕಡಲತೀರದ ಉಪ್ಪುಗಾಳಿಗೆ ಕಾರು ನಾಲ್ಕು ದಿನ ನಿಂತರೆ ಸಾಕು, ಬ್ರೇಕಿನ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ದಿನಾ ಓಡಿಸಿದರೆ ಬ್ರೇಕೇ ಅದನ್ನು ಉಜ್ಜಿ ತೆಗೆಯುತ್ತದೆ. ಆದರೆ ಇಲ್ಲಿ ನಾಲ್ಕೂ ಡಿಸ್ಕ್ ಈಗಷ್ಟೇ ಬೆಳಗಿದ ಸ್ಟೀಲಿನ ತಟ್ಟೆಯ ಹಾಗೆ ಹೊಳೆಯುತ್ತಿದ್ದವು!

ಬೇಲಿಯಾಚೆ ಬಸಳೆ ಕೊಯ್ಯುತ್ತಿದ್ದ ಪಕ್ಕದ ಮನೆಯವನ ಮೇಲೆ ಹರಿಹಾಯ್ದರು.

"ಫೆಲಿಕ್ಸ್, ನನ್ನ ಕಾರಲ್ಲಿ ಎಲ್ಲೆಲ್ಲಿ ತಿರುಗಿದೆ ನೀನು?"

"ಎಂತ ಮಾರಾಯ್ರೆ, ನಾನು ಮುಟ್ಟಲೇ ಇಲ್ಲ."

"ನಿನ್ನ ಬಾಯಿ ಸುಳ್ಳು ಹೇಳ್ತದೆ, ಡಿಸ್ಕ್ ಹೇಳುದಿಲ್ಲ. ಇಲ್ಲಿ ಕಾರು ಬಿಡ್ಲಿಕ್ಕೆ ಬರುದು ನಮ್ಮಿಬ್ಬರಿಗೇ."

ಭಂಡಾರಿಯವರ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡಿದ ಫೆಲಿಕ್ಸ್, ಮತ್ತೆ ಬಸಳೆಗೆ ಕೈ ಹಾಕಿದ.

"ಬಾಯಿ ಬಿಡು! ಇಲ್ಲದಿದ್ರೆ ಈಗಲೇ ಪೊಲೀಸ್ ಸ್ಟೇಷನ್ನಿಗೆ ಹೋಗ್ತೇನೆ!"

ವಾರಿಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿಕೈ ತೆಗೆದುಕೊಂಡಳು.

"ಬನ್ನಿ, ಕೂತ್ಕೊಳ್ಳಿ, ಸ್ಟೇಷನ್ನಿಗೆ ನಾನೇ ಬಿಡ್ತೇನೆ. ಆ ಕಂಬ ನನಗೆ ಇಷ್ಟರವರೆಗೆ ಒಮ್ಮೆಯೂ ಅಡ್ಡ ಬರ್ಲಿಲ್ಲ."