ನುಣ್ಣನೆಯ ಗಲ್ಲ

"ಪೂರ್ತಿ ತೆಗೆದುಬಿಡು ಅಪ್ಪ" ಎಂದು ಮಗ ಕುರ್ಚಿಯಲ್ಲಿ ಕೂತು ಕತ್ತನ್ನು ಹಿಂದಕ್ಕೊರಗಿಸಿದಾಗ ಕ್ಷೌರಿಕ ತನ್ನ ಕಿವಿಯನ್ನೇ ನಂಬಲಿಲ್ಲ. ವರ್ಷದಿಂದ ಮಗ ಈ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಬಿಟ್ಟುಬಂದ ದೇಶದಲ್ಲಿ ಯುದ್ಧ ಶುರುವಾಗಿ, ಅನ್ನ ಕೊಟ್ಟ ಈ ದೇಶದ ವಿಮಾನಗಳೇ ಅಲ್ಲಿ ಬಾಂಬು ಹಾಕತೊಡಗಿದ ಮೇಲೆ ಅವನ ಗಡ್ಡ ಎದೆಗಿಳಿದಿತ್ತು. ಗೋದಾಮಿನ ಮೇಲಿನ ಪ್ರಾರ್ಥನೆಯ ಕೋಣೆಯೇ ಮನೆಯಾಗಿತ್ತು. "ನಮ್ಮ ಜನರನ್ನ ಸುಡೋರ ಗಲ್ಲ ಸವರಿ ಹೊಟ್ಟೆ ಹೊರೀತೀಯಲ್ಲ" ಎಂದು ಅಪ್ಪನ ಮುಖಕ್ಕೇ ಅಂದು ಹೊರಟವನು ಅವನು.

"ಮೊದಲು ಕತ್ತರಿ, ಆಮೇಲೆ ಕತ್ತಿ" ಎಂದ ಕ್ಷೌರಿಕ. "ಇಂಥಾ ಪೊದೆಗೆ ಒಮ್ಮೆಲೇ ಕತ್ತಿ ಇಟ್ರೆ ಒಳಗಿಂದ ಮೊಲ ಎದ್ದು ಓಡುತ್ತೆ." ಮಗ ನಕ್ಕ. ನೊರೆ ಬಳಿದು ಕತ್ತಿ ಎಳೆದಂತೆಲ್ಲ ಅವನ ತಾಯಿಯ ಗಲ್ಲವೇ ಮೇಲೆದ್ದು ಬಂತು. ಅವಳಿದ್ದಿದ್ದರೆ ಇವತ್ತು ದೃಷ್ಟಿ ತೆಗೆಯುತ್ತಿದ್ದಳು. ಗಡ್ಡದಡಿಯ ಚರ್ಮ ಮಾತ್ರ ಬಿಳುಚಿಕೊಂಡಿತ್ತು. ಬಿಸಿಲಿಗೆ ಕಂದಿದ ಕೆನ್ನೆ ಬೇರೆ, ಕೆಳಗಿನ ಗಲ್ಲ ಬೇರೆ, ಎರಡು ಮುಖ ಜೋಡಿಸಿ ಹೊಲಿದ ಹಾಗೆ.

"ನಾಲ್ಕು ದಿನ ಬಿಸಿಲು ಬಿದ್ರೆ ಒಂದಾಗುತ್ತೆ ಬಿಡು."

"ಈಗಲೇ ಒಂದಾಗೋ ಹಾಗೆ ಏನಾದ್ರೂ ಹಚ್ಚಕ್ಕಾಗಲ್ವಾ?" ಮಗ ಕನ್ನಡಿಯ ಹತ್ತಿರಕ್ಕೆ ಬಾಗಿದ. "ಪೌಡರ್ ಗೀಡರ್?"

ಕ್ಷೌರಿಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಓಹೋ, ಹೆಣ್ಣು ನೋಡೋಕೆ ಹೊರಟಿದೆ ಸವಾರಿ. ಅಪ್ಪನಿಗೊಂದು ಮಾತು ಹೇಳಬಾರದಾ?" ಎನ್ನುತ್ತ, ಮದುವೆ ಗಂಡುಗಳಿಗೆ ಹಚ್ಚುವ ಮೈಬಣ್ಣದ ಪೌಡರಿನ ಡಬ್ಬಿ ತೆಗೆದ. ಗೆರೆ ಕಾಣದ ಹಾಗೆ, ಕಿವಿಯ ಬುಡದವರೆಗೂ ಬೆರಳಿನಲ್ಲೇ ತೀಡಿದ. ಅಷ್ಟು ನಾಜೂಕಾಗಿ ಅವನು ಯಾವ ಮದುಮಗನಿಗೂ ಹಚ್ಚಿರಲಿಲ್ಲ. ಮಗ ಎದ್ದವನು ಆ ಬೆರಳುಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ. "ಬೈದಿದ್ದೆಲ್ಲ ಮರೆತುಬಿಡಪ್ಪ" ಎಂದು, ಚೀಲ ಹೆಗಲಿಗೇರಿಸಿ ಹೊರಟ.

ನೆಲದ ಮೇಲಿನ ಕೂದಲನ್ನು ಗುಡಿಸಲು ಮನಸ್ಸು ಬಾರದೆ ಕ್ಷೌರಿಕ ಇನ್ನೂ ನೋಡುತ್ತಿದ್ದಾಗ ಟ್ಯಾಕ್ಸಿಯವನು ಒಳಗೆ ಬಂದ. ಒಂದೇ ಊರಿನಿಂದ, ಒಂದೇ ಲಾರಿಯಲ್ಲಿ ಗಡಿ ದಾಟಿ ಬಂದವರು ಇಬ್ಬರೂ. ಕಳೆದ ಚಳಿಗಾಲದಲ್ಲಿ ಟ್ಯಾಕ್ಸಿಯವನ ಮಗ ಮನೆ ಬಿಟ್ಟಿದ್ದ. ಎಲ್ಲಿಗೆಂದು ಅಪ್ಪ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ಬಾ ಬಾ. ನನ್ನ ಮಗನ್ನ ದಾರೀಲಿ ನೋಡಿದ್ಯಾ?"

"ನೋಡ್ದೆ ಅಣ್ಣಾ. ಗುರುತೇ ಸಿಗಲಿಲ್ಲ."

"ಮತ್ತೆ? ಕೈ ಯಾರದು!"

ಟ್ಯಾಕ್ಸಿಯವನು ನಗಲಿಲ್ಲ. ನೆಲದ ಮೇಲಿನ ಕೂದಲನ್ನು ನೋಡಿ ಬೆಂಚಿನ ಮೇಲೆ ಕುಸಿದ. "ಪೌಡರ್ ಕೇಳಿದ್ನಾ?"

ಕ್ಷೌರಿಕನ ಕಣ್ಣು ಪೌಡರಿನ ಡಬ್ಬಿಯ ಕಡೆ ಹೊರಳಿತು.

"ನನ್ನವನು ಅವನಮ್ಮನ ಹತ್ರ ಕೇಳಿದ್ದ. ಅವಳೇ ಹಚ್ಚಿ ಕಳಿಸಿದ್ಲು. ಈಗ ಪೌಡರ್ ಡಬ್ಬಿ ಕಂಡ್ರೆ ಹೌಹಾರ್ತಾಳೆ. ಗಡ್ಡ ತೆಗೆದು ಹೋಗಿ, ಬಿಳಿ ಗೆರೆ ಮುಚ್ಕೊಳ್ಳಿ, ಗಡೀಲಿ ಅದನ್ನೇ ನೋಡ್ತಾರೆ ಅಂತ ಆ ಕೋಣೆಯವರೇ ಹೇಳಿಕೊಡ್ತಾರಂತೆ. ಅಲ್ಲಿ ಯುದ್ಧಕ್ಕೆ ಸೇರಿದ ಮೇಲೆ ಮತ್ತೆ ಬೆಳೆಸ್ಕೊಳ್ಳೋದಂತೆ."

ಕ್ಷೌರಿಕ ತನ್ನ ಬೆರಳುಗಳನ್ನು ನೋಡಿಕೊಂಡ. ಪೌಡರು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಮಗನ ಫೋನು ಸ್ವಿಚ್ ಆಫ್ ಆಗಿತ್ತು. ವಾರಕ್ಕೊಮ್ಮೆ ಕ್ಷೌರಕ್ಕೆ ಗಲ್ಲ ಕೊಡುವ ಪೊಲೀಸಿನವನ ನಂಬರು ಮಗನ ಹೆಸರಿನ ಕೆಳಗೇ ಇತ್ತು. ಬೆರಳು ಅದರ ಮೇಲೆ ನಿಂತಿತು, ಒತ್ತಲಿಲ್ಲ.

"ಹೇಳಿದ್ರೆ ಅವನಿಗೆ ಜೈಲು" ಎಂದ ಟ್ಯಾಕ್ಸಿಯವನು. "ನಿನ್ನನ್ನೂ ಗಂಟುಮೂಟೆ ಕಟ್ಟಿಸಿ ವಾಪಸ್ ಅಟ್ತಾರೆ. ಇಲ್ಲೇ ಬಿಟ್ರೂ, ಹೆತ್ತ ಮಗನ್ನ ಹಿಡಿದುಕೊಟ್ಟವನು ಅಂತ ನಮ್ಮೋರೇ ನಿನ್ನ ಮುಖಕ್ಕೆ ಉಗೀತಾರೆ."

"ನೀನು ಹೇಳಿದ್ಯಾ?"

"ಇಲ್ಲ." ಟ್ಯಾಕ್ಸಿಯವನು ಅಂಗೈಯಿಂದ ಮೊಣಕಾಲು ತಿಕ್ಕಿಕೊಂಡ. "ಹೋದ ತಿಂಗಳು ಅಲ್ಲಿಂದ ಫೋಟೋ ಕಳಿಸಿದ್ರು. ಮುಖ ಇರಲಿಲ್ಲ. ಅಂಗಿ ನೋಡಿ ಗುರುತು ಹಿಡಿದ್ವಿ."

ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ತರುಣ ಬಂದ. ಬೆನ್ನಿಗೆ ಹೊಸ ಚೀಲ, ಎದೆಗಿಳಿದ ಗಡ್ಡ. ಮಗನ ಜೊತೆ ಆ ಕೋಣೆಗೆ ಹೋಗುತ್ತಿದ್ದವನೇ. ಸೀದಾ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲೇ ಮಾತಾಡಿಸಿದ. "ನಂದೂ ಪೂರ್ತಿ ತೆಗೀರಿ ಮಾವ, ಅವನಿಗೆ ಮಾಡಿದ ಹಾಗೇ. ಸ್ವಲ್ಪ ಬೇಗ. ಬಸ್ ಸ್ಟ್ಯಾಂಡಲ್ಲಿ ಕಾಯ್ತಾ ಇದಾನೆ. ನಾನು ಹೋಗದೆ ಹೊರಡಲ್ಲ ಅವನು."

ಕ್ಷೌರಿಕ ಟ್ಯಾಕ್ಸಿಯವನ ಮುಖ ನೋಡಲಿಲ್ಲ. ಬೆಂಚಿನ ಪಕ್ಕ ಹಾದುಹೋಗುವಾಗ ಫೋನನ್ನು ಅವನ ಮಡಿಲಿಗೆ ಹಾಕಿದ. ಪೊಲೀಸಿನವನ ಹೆಸರು ಪರದೆಯ ಮೇಲೆ ಹಾಗೇ ಇತ್ತು. ಟ್ಯಾಕ್ಸಿಯವನು ಅದನ್ನು ನೋಡಿದ, ಕುರ್ಚಿಯಲ್ಲಿದ್ದವನ ಗಡ್ಡವನ್ನು ನೋಡಿದ, ಎದ್ದು ಬೀದಿಗಿಳಿದ. ಗಾಜಿನಾಚೆ ಫೋನು ಅವನ ಕಿವಿಗೇರಿತು.

"ಅಲ್ಲಾಡದೆ ಕೂತಿರು ಮಗಾ. ಅವಸರ ಮಾಡಿದ್ರೆ ಕತ್ತಿ ತಾಗುತ್ತೆ." ಕ್ಷೌರಿಕ ಬಿಳಿಯ ಬಟ್ಟೆ ಕೊಡವಿ, ತೋಳು ಕೈ ಎಲ್ಲ ಒಳಗಾಗುವಂತೆ ಹೊದಿಸಿ, ಕತ್ತಿನ ಹಿಂದೆ ಗಂಟು ಹಾಕಿದ.

"ಬಿಗಿ ಆಯ್ತು ಮಾವ" ಎಂದ ತರುಣ.

ಕ್ಷೌರಿಕ ಅದರ ಮೇಲೆ ಇನ್ನೊಂದು ಗಂಟು ಹಾಕಿದ.