ಹುಳಿಗಲ್ಲು

ವಿಜಯಪುರದ ಬಯಲಲ್ಲಿ ಬೆಂಕಿಬೆಟ್ಟ ಬಾಯ್ತೆರೆದ ಮೇಲೆ ಬೂದಿ ಉಸಿರಿಗೆಳೆದವರ ಎದೆ ಕಲ್ಲಾಗತೊಡಗಿತ್ತು. ಅದನ್ನು ಕರಗಿಸುವುದು ಹುಳಿಗಲ್ಲೊಂದೇ. ಬೆಟ್ಟ ಉಗುಳಿದ ಹಸಿರು ಹರಳುಗಳೇನೋ ಸಾವಿರ. ನೆಕ್ಕಿದರೆ ಹುಳಿ ಹತ್ತುವುದು ಯಾವುದೋ ಒಂದು. ಬೇರೆಯದನ್ನು ಅರೆದು ಕುಡಿಸಿದರೆ ಕುಡಿದವನು ಅಲ್ಲೇ ಹೆಣ.

ಭಾಗವ್ವನ ಗಂಡನ ಉಸಿರು ಸಂಜೆಯವರೆಗೆ ಉಳಿಯುವಂತಿರಲಿಲ್ಲ. ಒಂಬತ್ತು ದಿನ ಬಿಸಿ ಹರಳು ನೆಕ್ಕಿ ಅವಳ ನಾಲಿಗೆ ಸುಟ್ಟು ಚರ್ಮವಾಗಿತ್ತು; ಈಗ ಉಪ್ಪೂ ಒಂದೇ, ಹುಳಿಯೂ ಒಂದೇ. ಕೈಗೆ ಸಿಕ್ಕಿದ್ದ ಹರಳನ್ನು, ಬೆಳಿಗ್ಗೆಯಷ್ಟೇ ತಾನು ಬಾಯಿಗೆ ಬಂದಂತೆ ಬೈದಿದ್ದ ನೆರೆಮನೆಯ ತುಳಜವ್ವನ ಮುಂದೆ ಹಿಡಿದಳು.

"ನೆಕ್ಕಿ ಹೇಳ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

ತುಳಜವ್ವ ನೆಕ್ಕಿದಳು. "ಥೂ, ಸಪ್ಪಗೈತಿ! ಇಲ್ಲೇ ಒಗದು ಹೋಗು."

ಆದರೆ ಅವಳ ಕಟಬಾಯಿಯಿಂದ ಜೊಲ್ಲು ಗದ್ದಕ್ಕಿಳಿಯುತ್ತಿತ್ತು.

ಭಾಗವ್ವ ಹರಳನ್ನು ಕಸಿದು ಓಡಿದಳು.

"ಅರ್ಧಾನರ ಕೊಡ ಭಾಗೀ, ನನ್ನ ಮಗಳೂ ಸಾಯಾಕ ಹತ್ಯಾಳ!"

ಭಾಗವ್ವ ನಿಲ್ಲಲಿಲ್ಲ. ಕಡಲೆಯಷ್ಟಿದ್ದ ಹರಳು ಒಂದು ಎದೆಗೇ ಸಾಲುವಂತಿರಲಿಲ್ಲ.