ಸಾಹುಕಾರರ ಬೆಲ್ಟು

"ಸ್ವಂತ ಹಲ್ಲಿಗೆ ತಾಗಿಸದ ಹಲ್ಲುಪುಡಿಯನ್ನು ನನ್ನ ಕಾರಿಗೆ ಉಜ್ಜುವುದಾ ಮಾರಾಯ? ಇನ್ನೊಂದು ಗೀರು ಕಂಡ್ರೆ ಕೀ ಕೊಟ್ಟು ಮನೆಗೆ ಹೋಗು!" ಬಿ.ಸಿ.ರೋಡಿನ ಚಾ ಅಂಗಡಿಯೆದುರು ಅಬ್ದುಲ್ ಸಲಾಂ ಸಾಹುಕಾರರು ಅಬ್ಬರಿಸಿದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು.

ಡ್ರೈವರ್ ರವೂಫನ ಕಿವಿ ಕೆಂಪಾಯಿತು. ಬಾಗಿಲಿಗೆ ಗೀರು ಬೀಳುವುದು ಎಲ್ಲಿಂದಲೋ ಅವನಿಗೂ ತಿಳಿದಿರಲಿಲ್ಲ. ಹಳೆಯ ಗೀರು ಅಳಿಸಲೆಂದು ಹಲ್ಲುಪುಡಿ, ತೆಂಗಿನೆಣ್ಣೆ ಹಾಕಿ ಬೆಳಗಿನಿಂದ ತಿಕ್ಕಿ, ಬಾಗಿಲಲ್ಲಿ ಮುಖ ಕಾಣುವಂತೆ ಮಾಡಿದ್ದ.

ಕಾರಿನ ಆಚೆ ನಿಂತವರಿಗೂ ತಮ್ಮ ಮಾತು ಕೇಳಬೇಕಲ್ಲ! ಸಾಹುಕಾರರು ಎಂದಿನಂತೆ ಬಾಗಿಲಿಗೆ ಹೊಟ್ಟೆ ಆನಿಸಿ, "ಕಾರನ್ನು ಮದುಮಗಳ ಹಾಗೆ ನೋಡಿಕೊಳ್ಬೇಕು!" ಎಂದು ಎಡಕ್ಕೂ ಬಲಕ್ಕೂ ತಿರುಗಿ ಕೂಗಿದರು. ಸೊಂಟದ ಅಗಲ ಬೆಲ್ಟಿನ ಹಿತ್ತಾಳೆ ಬಕ್ಕಲು ಕರ್ರೆಂದಿತು.

ಅವರು ಹಿಂದೆ ಸರಿದಾಗ ಬಾಗಿಲಲ್ಲಿ ಗೇಣುದ್ದದ ಹೊಸ ಗೀರು. ಯಾರೋ ಕಿಸಕ್ಕೆಂದರು. "ಎಂತದಾ ಇದು?" ಎಂದರು ಸಾಹುಕಾರರು, ಮೆಲ್ಲಗೆ. ರವೂಫ ಕೀಯನ್ನು ಕಿಸೆಯಲ್ಲೇ ಬಿಟ್ಟು, ಹಲ್ಲುಪುಡಿಯ ಡಬ್ಬಿಯನ್ನು ಅವರ ಕೈಗಿಟ್ಟು, ಚಾ ಅಂಗಡಿಯೊಳಕ್ಕೆ ನಡೆದ.